ನಿಮ್ಮ ಸ್ಪೀಕರುಗಳು ನಮ್ಮ ಓಣಿಯಲ್ಲಿ ಹಾಡಿದ ದಿನ

ಹುಬ್ಬಳ್ಳಿ, ನಡುಬಿಸಿಲ ತಿಂಗಳ ನಲವತ್ತೊಂದನೆಯ ದಿನ, ೨೨೧೯

ಇಪ್ಪತ್ತೊಂದನೆಯ ಶತಮಾನದಲ್ಲಿ ಮನೆಗೆ ಒಳ್ಳೆಯ ಸ್ಪೀಕರ್ ಕೊಂಡವರಿಗೂ, ಕೊಳ್ಳಲು ಹೊರಟವರಿಗೂ,

ತಿಂಗಳಿಗೆ ನಲವತ್ತೊಂದು ದಿನ ಎಲ್ಲಿಂದ ಬಂತೆಂದು ತಲೆ ಕೆಡಿಸಿಕೊಳ್ಳಬೇಡಿ. ಬಿಸಿಲು ತಗ್ಗುವವರೆಗೆ ತಿಂಗಳನ್ನು ಮುಗಿಸದಿರುವುದು ನಮ್ಮ ಕಾಲದ ಪದ್ಧತಿ. ನನ್ನ ಮಾತು ನಿಮಗೆ ಅಲ್ಲಲ್ಲಿ ಅನ್ನದಲ್ಲಿ ಸಿಕ್ಕ ಕಲ್ಲಿನಂತೆ ಅನಿಸಿದರೆ ಕ್ಷಮಿಸಿ. ನಿಮ್ಮ ಬರಹಗಳನ್ನು ಓದಿ ಓದಿ ನಿಮ್ಮ ಕನ್ನಡ ಕಲಿತವಳು ನಾನು. ಈ ಪತ್ರ ಹಿಂದಿನ ಕಾಲಕ್ಕೆ ಹೇಗೆ ತಲುಪುತ್ತದೆಂಬುದು ಅಂಚೆಯವರ ತಲೆನೋವು. ನನಗೆ ನಿಮ್ಮ ಮೇಲೆ ಬಹಳ ಸಿಟ್ಟಿದೆ. ಆದರೆ ನಿನ್ನೆಯಿಂದ ಎಷ್ಟು ಖುಷಿಯಲ್ಲಿದ್ದೇನೆಂದರೆ ಆ ಸಿಟ್ಟನ್ನು ಸರಿಯಾಗಿ ಕುಳಿತು ಬರೆಯಲೂ ಆಗುತ್ತಿಲ್ಲ. ಎದ್ದು ಓಡಾಡಿ ಬಂದು ಮತ್ತೆ ಬರೆಯುತ್ತಿದ್ದೇನೆ.

ನಾನು ನೀಲಾಂಬಿಕಾ ಗುಡಿಸಾಗರ, ಹತ್ತಿಗಿರಣಿ ಓಣಿಯವಳು. ನಮ್ಮಲ್ಲಿ ಮಕ್ಕಳಿಗೆ ಹಲ್ಲು ಬೀಳುವ ವಯಸ್ಸಿನಲ್ಲಿ ಕಿವಿಯ ಹಿಂದೆ ಕಿವಿಬೀಜ ಹಾಕಿಸುತ್ತಾರೆ. ಅಕ್ಕಿಕಾಳಿನಷ್ಟು ಚಿಕ್ಕದು. ಅದರಿಂದ ಯಾವ ಹಾಡು ಬೇಕಾದರೂ ಕೇಳಿಸುತ್ತದೆ, ಆದರೆ ಹಾಕಿಕೊಂಡವರಿಗೆ ಮಾತ್ರ. ಮದುವೆಯಲ್ಲಿ ವರನ ಕಡೆಯವರು ಒಂದು ತಾಳಕ್ಕೆ, ವಧುವಿನ ಕಡೆಯವರು ಇನ್ನೊಂದು ತಾಳಕ್ಕೆ ಕುಣಿಯುತ್ತಾರೆ. ಹೊರಗೆ ನಿಂತವನಿಗೆ ಕೇಳುವುದು ಚಪ್ಪಲಿಯ ಸಪ್ಪಳ ಮತ್ತು ಏದುಸಿರು. ಸತ್ತವರ ಮನೆಯಲ್ಲೂ ಅಷ್ಟೇ, ಹತ್ತು ಮಂದಿ ಹತ್ತು ಭಜನೆ ಕೇಳುತ್ತ ಬಾಯಿ ಮುಚ್ಚಿ ಕುಳಿತಿರುತ್ತಾರೆ. ಗೋಡೆ ಬಿಸಿಯಾಗದಿರಲೆಂದು ನಮ್ಮ ಮನೆಗಳನ್ನು ಅರ್ಧ ನೆಲದೊಳಗೆ ಇಳಿಸಿ ಕಟ್ಟುತ್ತೇವೆ, ಇವಕ್ಕೆ ನೆಲಮನೆ ಎಂದು ಹೆಸರು. ತಂಪಾಗಿಯೇನೋ ಇರುತ್ತವೆ, ಆದರೆ ಅವುಗಳ ಮೌನವನ್ನು ನೀವು ತಡೆದುಕೊಳ್ಳಲಾರಿರಿ.

ಕೆಲವರ ಮೈಗೆ ಈ ಬೀಜ ಒಗ್ಗುವುದಿಲ್ಲ. ನನ್ನ ನೆರೆಮನೆಯ ತಂಗೆವ್ವ ಅಂಥವರಲ್ಲೊಬ್ಬಳು. ಮೂರು ಸಲ ಹಾಕಿಸಿದರು, ಮೂರು ಸಲವೂ ಕೀವಾಗಿ ತೆಗೆಸಿದರು. ಪಾಲಿಕೆಯ ಸದಸ್ಯೆಯಾಗಿ ಊರನ್ನೆಲ್ಲ ನಡುಗಿಸಿದ ಹೆಂಗಸು, ತನ್ನ ಮದುವೆಯ ಹಾಡನ್ನೇ ಕೇಳಿದವಳಲ್ಲ. ಚಿಕ್ಕಂದಿನಲ್ಲಿ ಯಾರೋ ಒಮ್ಮೆ ನುಡಿಸಿದ ಕೊಳಲೊಂದೇ ಅವಳಿಗೆ ಗೊತ್ತಿರುವ ಸಂಗೀತ.

ಹೀಗಿರುವಾಗ ನಮ್ಮ ಓಣಿಯ ತುದಿಯಲ್ಲಿ, ಕುಸಿದುಬಿದ್ದ ನಿಮ್ಮ ಕಾಲದ ಅಪಾರ್ಟ್‌ಮೆಂಟಿನ ಬುನಾದಿ ಅಗೆಯುತ್ತಿದ್ದಾಗ, ಕಂಬಳಿಯಲ್ಲಿ ಸುತ್ತಿಟ್ಟ ಎರಡು ಸ್ಪೀಕರುಗಳು ಸಿಕ್ಕವು. ಎದೆಯೆತ್ತರದ ತೇಗದ ಪೆಟ್ಟಿಗೆಗಳು. ಗಾಳಿಯಲ್ಲಿ ಸದ್ದು ಮಾಡುವ ಇಂಥ ಜೋಡಿ ನಮಗೆ ಗೊತ್ತಿರುವಂತೆ ಬೇರೆಲ್ಲೂ ಉಳಿದಿಲ್ಲ. ವಸ್ತುಸಂಗ್ರಹಾಲಯದವರು ಗಾಜಿನ ಪೆಟ್ಟಿಗೆ ಸಿದ್ಧಮಾಡಿಕೊಂಡೇ ಬಂದರು. ತಂಗೆವ್ವ ಅವರ ಗಾಡಿಗೆ ಅಡ್ಡ ನಿಂತಳು. ವಾದ ನಡೆದು ಕೊನೆಗೊಂದು ಒಪ್ಪಂದವಾಯಿತು: ನಲವತ್ತು ದಿನದೊಳಗೆ ಕೆಡಿಸದೆ ಹಾಡಿಸಿದರೆ ಸ್ಪೀಕರುಗಳು ಓಣಿಯಲ್ಲೇ ಉಳಿಯುತ್ತವೆ, ಇಲ್ಲವಾದರೆ ಗಾಜಿನೊಳಗೆ ಹೋಗುತ್ತವೆ. ನಿನ್ನೆ ಆ ಗಡುವಿನ ಕೊನೆಯ ದಿನ.

ಈಗ ನನ್ನ ಸಿಟ್ಟಿಗೆ ಬರುತ್ತೇನೆ. ಸ್ಪೀಕರಿನ ಬೆನ್ನಿಗೆ ನೀವು ಒಂದು ಕಾಗದದ ಲೇಬಲ್ ಅಂಟಿಸಿದ್ದಿರಿ. ತೇಗವನ್ನು ಮುಟ್ಟದ ಗೆದ್ದಲು ಆ ಲೇಬಲನ್ನು ಮಾತ್ರ ಅಚ್ಚುಕಟ್ಟಾಗಿ ತಿಂದಿದೆ. ತಡೆ ಎಷ್ಟು ಓಮ್, ಎಷ್ಟು ವ್ಯಾಟ್ ಬೇಕು, ಯಾವುದೂ ಇಲ್ಲ. ಸ್ಪೀಕರಿಗೆ ಶಕ್ತಿ ಕೊಡುವ ಆಂಪ್ಲಿಫೈಯರನ್ನು ಆರಿಸಲು ಮೊದಲು ಬೇಕಾದದ್ದು ಅದೇ ಅಲ್ಲವೇ? ಹೋಗಲಿ, ನಿಮ್ಮ ಬರಹಗಳಲ್ಲಾದರೂ ದಾರಿ ಸಿಗಬಹುದೆಂದು ಹುಡುಕಿದೆವು. ಕೇಬಲ್ಲಿನ ಬಗ್ಗೆ ಪುಟಗಟ್ಟಲೆ ಸಿಕ್ಕಿತು. ಬೆಳ್ಳಿಯ ಕೇಬಲ್ಲಿನಲ್ಲಿ ಸ್ವರಕ್ಕೆ ರೇಷ್ಮೆಯ ನಯ ಬರುತ್ತದಂತೆ, ಕೇಬಲ್ ನೆಲಕ್ಕೆ ತಾಗಿದರೆ ಸಂಗೀತ ಮಂಕಾಗುತ್ತದಂತೆ, ಹೊಸ ಕೇಬಲ್ಲಿಗೆ ವಾರಗಟ್ಟಲೆ ಹಾಡು ಕುಡಿಸಬೇಕಂತೆ. ಇಷ್ಟು ಕಾವ್ಯ ಬರೆದವರಿಗೆ ಒಂದು ಅಂಕಿಯನ್ನು ಮರದ ಮೇಲೆ ಕೆತ್ತಲು ಪುರುಸೊತ್ತಾಗಲಿಲ್ಲ.

ನಮ್ಮ ಓಣಿಯ ರುದ್ರಮುನಿ ಅಕ್ಕಿಹಾಳ ಆ ಕಾವ್ಯವನ್ನೆಲ್ಲ ನಂಬಿದರು. ಕಲಿತವರು, ಸಜ್ಜನರು. ಊರಿನ ಹಳೆಯ ಬೆಳ್ಳಿ ಕೂಡಿಸಿ ಮಣಿಕಟ್ಟಿನಷ್ಟು ದಪ್ಪದ ಕೇಬಲ್ ಹೆಣೆಸಿದರು. ಅದು ನೆಲಕ್ಕೆ ತಾಗದಿರಲೆಂದು ಶ್ರೀಗಂಧದ ಚಿಕ್ಕ ಚಿಕ್ಕ ಮಣೆಗಳನ್ನು ಕೆತ್ತಿಸಿದರು. ಸ್ಪೀಕರುಗಳನ್ನು ಜೋಡಿಸುವ ಗೌರವವೂ ಅವರಿಗೇ ಸಂದಿತು. ನಿನ್ನೆ ಬೆಳಗ್ಗೆ ಓಣಿಯ ದೊಡ್ಡ ನೆಲಮನೆಯಲ್ಲಿ ಜನ ಕಿವಿಬೀಜ ಬಂದ್ ಮಾಡಿ ಕುಳಿತರು. ಹಾಕಿದ್ದು ನಿಮ್ಮ ಕಾಲದ ಒಂದು ಸಂಗೀತ ಬೈಠಕ್ಕಿನ ಧ್ವನಿಮುದ್ರಣ, ಒಬ್ಬ ಹೆಣ್ಣುಮಗಳ ಹಾಡು, ಜೊತೆಗೆ ತಬಲಾ, ಹಾರ್ಮೋನಿಯಂ. ಸದ್ದು ಬಂತು. ಗಾಳಿಯಲ್ಲಿ ಸದ್ದು ಬಂದದ್ದಕ್ಕೇ ಅರ್ಧ ಜನ ಕಣ್ಣೊರೆಸಿಕೊಂಡರು. ತಂಗೆವ್ವ ಮಾತ್ರ ಮುಖ ಗಂಟು ಹಾಕಿಕೊಂಡು ಕುಳಿತಿದ್ದಳು.

“ಹಾಡಾಕಿ ಎಲ್ಲಿ ನಿಂತಾಳ?” ಎಂದು ಕೇಳಿದಳು. “ಒಮ್ಮೆ ಈ ಗೋಡಿಯಾಗ ಅದಾಳ, ಒಮ್ಮೆ ಆ ಗೋಡಿಯಾಗ. ನಡುವ ಯಾರೂ ಇಲ್ಲ. ದನಿಗೆ ಹೊಟ್ಟಿನ ಇಲ್ಲ.”

“ಅದು ವಿಶಾಲತೆ ಅಕ್ಕಾರ, ಹಳೇ ಬರಹದಾಗ ಹಂಗ ಅಂದಾರ,” ಎಂದರು ರುದ್ರಮುನಿ.

“ವಿಶಾಲ ನಿನ್ನ ಹಣಿ. ಹಿಂದ ಹೋಗಿ ನೋಡು.”

ಹಿಂದೆ ಹೋಗಿ ನೋಡಿದೆವು. ನಮ್ಮ ಜನ ಮಾತ್ರ ಮಾಡಬಹುದಾದ ತಪ್ಪೊಂದು ಅಲ್ಲಿತ್ತು. ಬಾಗಿಲ ಎರಡೂ ಬದಿಗೆ ಬಾಳೆಕಂಬ ಕಟ್ಟುವಾಗ ಎಲೆಗಳು ಒಂದಕ್ಕೊಂದು ಎದುರಾಗಿ ಬಾಗುವಂತೆ ಕಟ್ಟುತ್ತೇವಲ್ಲ, ರುದ್ರಮುನಿಯವರು ಕೇಬಲ್ಲನ್ನೂ ಹಾಗೆಯೇ ಕಟ್ಟಿದ್ದರು. ಕೆಂಪು ತಂತಿ ಮಂಗಳಕರ, ಎರಡೂ ಕಡೆ ಒಳಮುಖವಾಗಿಯೇ ಬರಬೇಕೆಂದು ಬಲಗಡೆಯ ಸ್ಪೀಕರಿಗೆ ಕೆಂಪು ತಂತಿಯನ್ನು ಕಪ್ಪು ತಿರುಪಿಗೆ ಬಿಗಿದಿದ್ದರು. ಎಡಗಡೆಯದು ಗಾಳಿಯನ್ನು ಮುಂದಕ್ಕೆ ತಳ್ಳುವಾಗ ಬಲಗಡೆಯದು ಹಿಂದಕ್ಕೆ ಎಳೆಯುತ್ತಿತ್ತು, ಹೀಗಾಗಿ ಕೆಳಸ್ವರಗಳೆಲ್ಲ ನಡುದಾರಿಯಲ್ಲಿ ಒಂದನ್ನೊಂದು ನುಂಗಿಹಾಕುತ್ತಿದ್ದವು. ತಂತಿ ತಿರುವಿ ಹಾಕಿದೆವು. ಹಾಡುವವಳು ಎರಡು ಪೆಟ್ಟಿಗೆಗಳ ನಡುವಿನ ಬರಿಯ ಜಾಗದಲ್ಲಿ ಬಂದು ಕುಳಿತಳು. ಇದಕ್ಕಿಂತ ಬೇರೆ ಹೇಗೆ ಹೇಳಲಿ? ಬಂದು ಕುಳಿತಳು.

ಅಲ್ಲಿಂದ ನಿಜವಾದ ಕಷ್ಟ ಶುರುವಾಯಿತು. ಆಗ ಹಚ್ಚಿದ್ದು ಓಣಿಯವರೇ ಕಟ್ಟಿದ ದೀಪದ ಆಂಪ್ಲಿಫೈಯರ್, ಗಾಜಿನ ಬುರುಡೆಗಳು ಕೆಂಡದಂತೆ ಹೊಳೆಯುವ ಚೆಂದದ ಯಂತ್ರ. ಸಣ್ಣ ದನಿಯಲ್ಲಿ ಜೇನಿನಂತೆ ಹಾಡಿತು. ಹಿಂದೆ ಕುಳಿತವರಿಗೂ ಕೇಳಲೆಂದು ದನಿ ಏರಿಸಿದಾಗ, ತಬಲಾ ಜೋಡಿಯ ದಪ್ಪ ದನಿಯ ಡಗ್ಗಾ ಬಂದಲ್ಲೆಲ್ಲ ಯಂತ್ರ ಏದುಸಿರು ಬಿಡತೊಡಗಿತು. ನಾನು ಎದ್ದು ಹೋಗಿ ಆರಿಸಿಬಿಟ್ಟೆ. ಜನ ಬೈದರು. ಆದರೆ ನಿಮ್ಮ ಬರಹಗಳಲ್ಲಿ ಕಾವ್ಯದ ನಡುವೆ ಹೂತುಹೋಗಿದ್ದ ಒಂದು ಒಳ್ಳೆಯ ಮಾತು ನನಗೆ ನೆನಪಿತ್ತು. ಶಕ್ತಿ ಸಾಲದ ಆಂಪ್ಲಿಫೈಯರನ್ನು ಹಿಂಡಿದರೆ ಅದು ಸ್ವರದ ತುದಿ ಕತ್ತರಿಸಿ ಕಳಿಸುತ್ತದೆ, ಅದರ ಬಿಸಿಗೆ ಮೇಲುಸ್ವರ ಹಾಡುವ ಚಿಕ್ಕ ಟ್ವೀಟರಿನ ಸುರುಳಿ ಸುಟ್ಟುಹೋಗುತ್ತದೆ. ದೊಡ್ಡ ಆಂಪ್ಲಿಫೈಯರಿಗಿಂತ ದಣಿದ ಚಿಕ್ಕ ಆಂಪ್ಲಿಫೈಯರೇ ಹೆಚ್ಚು ಅಪಾಯ. ಈ ಟ್ವೀಟರ್ ಸುಟ್ಟರೆ ಇನ್ನೊಂದನ್ನು ಮಾಡಬಲ್ಲವರು ಇಂದು ಭೂಮಿಯ ಮೇಲಿಲ್ಲ.

ಎರಡನೆಯದು ಪಾಲಿಕೆಯವರು ಕೊಟ್ಟ ಉಗುರು ಆಂಪ್ಲಿಫೈಯರ್, ಹೆಬ್ಬೆರಳ ಉಗುರಿನಷ್ಟೇ ಗಾತ್ರದ್ದು. ಅದರ ಕಾಗದದಲ್ಲಿ ವ್ಯಾಟುಗಳಿಗೇನೂ ಕಡಿಮೆಯಿರಲಿಲ್ಲ. ಡಗ್ಗಾ ಮೊದಲ ಬಾರಿ ಗುಂಯ್ಯೆಂದಾಗಲೇ ತನ್ನನ್ನು ತಾನು ಕಾಪಾಡಿಕೊಳ್ಳಲು ಆರಿಹೋಯಿತು. ಮತ್ತೆ ಹಚ್ಚಿದೆವು, ಮತ್ತೆ ಆರಿತು. ಆಗ ನಮಗೆ ಬುದ್ಧಿ ಬಂದು ಮೀಟರ್ ತಂದು ಸ್ಪೀಕರನ್ನು ಅಳೆದೆವು. ಅದರ ತಡೆ ನಾಲ್ಕು ಓಮಿಗೂ ಕಡಿಮೆ. ತಡೆ ಕಡಿಮೆಯಿದ್ದಷ್ಟೂ ಸ್ಪೀಕರು ಹೆಚ್ಚು ಕರೆಂಟು ಎಳೆಯುತ್ತದೆ, ಉಗುರಿನಷ್ಟಿರುವುದು ಎಲ್ಲಿಂದ ತಂದುಕೊಟ್ಟೀತು? ಆ ಅಂಕಿ ನಿಮ್ಮ ಲೇಬಲ್ಲಿನಲ್ಲಿ ಇದ್ದಿರಲೇಬೇಕು. ಗೆದ್ದಲಿಗೆ ಅದರಿಂದ ಏನು ಉಪಯೋಗವಾಯಿತೋ ಕಾಣೆ.

ಮೂರನೆಯದನ್ನು ಕಟ್ಟಿದ್ದು ಓಣಿಯ ದಸ್ತಗೀರ ಮಾಮಾ. ನಿಮ್ಮ ಕಾಲದ ನಕ್ಷೆ ನೋಡಿ, ದೊಡ್ಡ ಟ್ರಾನ್ಸ್‌ಫಾರ್ಮರ್ ಸುತ್ತಿ ಮಾಡಿದ್ದು. ನಾಲ್ಕು ಜನ ಹೊತ್ತು ತಂದರು. ನೋಡಲು ನೀರೊಲೆಯ ಹಾಗಿತ್ತು.

“ಮಾಮಾ, ಇದರಾಗ ಹಾಡು ಬರತೈತೊ, ಬಿಸಿನೀರು ಬರತೈತೊ?” ಎಂದು ಯಾರೋ ಕೇಳಿದರು.

“ಮೊದಲ ಹಾಡು ಕೇಳ್ರಿ. ಆಮ್ಯಾಲೆ ಜಳಕಾನೂ ಮಾಡಿಸ್ತೀನಿ.”

ಹಚ್ಚಿದರು. ಡಗ್ಗಾದ ಪೆಟ್ಟು ನೆಲದಿಂದ ನಮ್ಮ ಅಂಗಾಲಿಗೆ ಬಂತು. ಹಾರ್ಮೋನಿಯಂ ನುಡಿಸುವವನ ಬೆರಳು ಸ್ವರದ ಮನೆಯಿಂದ ಮನೆಗೆ ಜಾರಿದ್ದು ಕೇಳಿತು, ಹಾಡುವವಳು ಉಸಿರು ತೆಗೆದುಕೊಂಡದ್ದು ಕೇಳಿತು. ಅವಳು ಮೇಲಿನ ಷಡ್ಜಕ್ಕೆ ಹೋಗಿ ನಿಂತಾಗ ನೂರು ಜನ ಒಟ್ಟಿಗೆ ‘ಆಹಾ’ ಎಂದರು. ನೂರು ಜನ, ಒಂದೇ ಗಳಿಗೆಯಲ್ಲಿ. ನಮ್ಮ ಕಾಲದಲ್ಲಿ ಹೀಗೆ ಆಗುವುದಿಲ್ಲ. ಹಾಗಾಗಿ ಎಲ್ಲರೂ ಬೆದರಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಮರುಕ್ಷಣ ನಗತೊಡಗಿದರು.

ರುದ್ರಮುನಿಯವರು ಇದೆಲ್ಲ ಬೆಳ್ಳಿಯ ಪುಣ್ಯ ಎಂದರು. ಅದನ್ನೂ ಪರೀಕ್ಷಿಸೋಣವೆಂದು ಪರದೆ ಕಟ್ಟಿಸಿದೆ. ಪರದೆಯ ಹಿಂದೆ ಒಮ್ಮೆ ಬೆಳ್ಳಿಯ ಕೇಬಲ್, ಇನ್ನೊಮ್ಮೆ ನಮ್ಮ ಸೂರಿನ ಸೌರಫಲಕದಿಂದ ಬಿಚ್ಚಿ ತಂದ ದಪ್ಪ ತಾಮ್ರದ ತಂತಿ. ಯಾವುದು ಯಾವುದೆಂದು ಯಾರಿಗೂ ತಿಳಿಯಲಿಲ್ಲ. ರುದ್ರಮುನಿಯವರು ಕಣ್ಣುಮುಚ್ಚಿ, ತಲೆದೂಗಿ, “ಇದು ನೋಡ್ರಿ ರೇಷ್ಮಿ,” ಎಂದದ್ದು ತಾಮ್ರಕ್ಕೆ. ಪರದೆ ಸರಿಸಿದ ಮೇಲೆ ತಮಗೆ ಬೆಳಗಿನಿಂದ ನೆಗಡಿ ಎಂದರು. “ನೆಗಡಿ ಮೂಗಿಗೆ ಬರತೈತಿ ರುದ್ರಪ್ಪ,” ಎಂದಳು ತಂಗೆವ್ವ. ತಂತಿ ಸಾಕಷ್ಟು ದಪ್ಪವಿರಬೇಕು, ಆದಷ್ಟು ಗಿಡ್ಡವಿರಬೇಕು, ಕೆಂಪಿಗೆ ಕೆಂಪು ಸೇರಬೇಕು. ಆ ಸಾವಿರ ಪುಟಗಳಲ್ಲಿ ನಮಗೆ ಉಪಯೋಗಕ್ಕೆ ಬಂದದ್ದು ಇಷ್ಟೇ.

ಸಂಜೆಗೆ ವಸ್ತುಸಂಗ್ರಹಾಲಯದ ಗಾಡಿ ಬಂತು. ಅಧಿಕಾರಿ ಬಾಗಿಲಲ್ಲೇ ನಿಂತರು. ಒಂದು ಹಾಡು ಮುಗಿಯಿತು, ಅವರು ಚಪ್ಪಲಿ ಬಿಟ್ಟು ಒಳಗೆ ಬಂದರು. ಎರಡನೆಯದು ಮುಗಿಯುವಷ್ಟರಲ್ಲಿ ಗಾಡಿಯ ಚಾಲಕನನ್ನೂ ಕರೆಸಿಕೊಂಡು ಪಕ್ಕದಲ್ಲಿ ಕೂರಿಸಿಕೊಂಡಿದ್ದರು. ಗಾಡಿ ಬರಿದಾಗಿಯೇ ಹಿಂದಿರುಗಿತು. ಸ್ಪೀಕರುಗಳು ನಮ್ಮವು, ಅಂದರೆ ತಂಗೆವ್ವನವು. ಇಂದು ಬೆಳಗ್ಗೆ ಹೋಗಿ ನೋಡಿದೆ, ಎಲ್ಲರಿಗಿಂತ ಮೊದಲು ಬಂದು ಗೋಡೆಗೊರಗಿ ಕುಳಿತು ಕೇಳುತ್ತಿದ್ದಳು.

ನಾನು ನಿಮ್ಮ ಕಾಲದ ಒಂದು ಚಿತ್ರವನ್ನು ಅವಳಿಗೆ ತೋರಿಸಲೆಂದು ಒಯ್ದಿದ್ದೆ. ಇಂಥದೇ ಎರಡು ಸ್ಪೀಕರು, ನಡುವೆ ದೊಡ್ಡ ಆಂಪ್ಲಿಫೈಯರ್, ಎದುರಿಗೆ ಸರಿಯಾಗಿ ಅಳತೆ ಮಾಡಿ ಇಟ್ಟ ಒಂದೇ ಒಂದು ಕುರ್ಚಿ. ಆ ಕುರ್ಚಿಯ ಮೇಲೆ ಬೆರಳಿಟ್ಟಳು.

“ನೀಲವ್ವ, ಇದರ ಮುಂದ ಒಬ್ಬಾವನ ಕುಂತು ಕೇಳತಿದ್ದನ?”

“ಹಂಗ ಕಾಣತೈತಿ.”

“ಮತ್ತ ಓಣಿ ಮಂದಿ?”

ನನಗೆ ಗೊತ್ತಿಲ್ಲವೆಂದೆ. ನಿಮ್ಮ ಬರಹಗಳನ್ನು ಇಷ್ಟು ಓದಿದವಳು ನಾನು. ಕುರ್ಚಿ ಎಲ್ಲಿಡಬೇಕೆಂಬ ಬಗ್ಗೆ ಬೇಕಾದಷ್ಟಿದೆ, ಪಕ್ಕದಲ್ಲಿ ಯಾರನ್ನು ಕೂರಿಸಿಕೊಳ್ಳಬೇಕೆಂಬ ಬಗ್ಗೆ ಒಂದು ಸಾಲೂ ಸಿಕ್ಕಿಲ್ಲ.

ಹಾಗಾಗಿ ಕೇಳಿಕೊಳ್ಳುತ್ತೇನೆ. ನೀವು ಕೊಂಡ ಸ್ಪೀಕರಿನ ಬೆನ್ನಿಗೆ, ಕಾಗದದ ಮೇಲಲ್ಲ, ಮರಕ್ಕೇ ಉಳಿ ಹಿಡಿದು ಎಷ್ಟು ಓಮ್ ಎಂದು ಕೆತ್ತಿ. ಅದರ ಕೆಳಗೆ ಅದರ ಮುಂದೆ ಕುಳಿತು ಕೇಳಿದವರ ಹೆಸರುಗಳನ್ನೂ ಕೆತ್ತಿ. ಅಕ್ಷರ ಚಿಕ್ಕದಾಗಿರಲಿ, ಜಾಗ ಸಾಲದೆ ಹೋಗಬೇಕು. ಮುಂದೆ ಅದು ನಮ್ಮ ಅಗೆತದಲ್ಲಿ ಸಿಕ್ಕಾಗ ಅಲ್ಲಿ ಒಂದೇ ಹೆಸರಿದ್ದರೆ ಅದನ್ನು ತಂಗೆವ್ವನಿಗೆ ಓದಿ ಹೇಳಬೇಕಾದವಳು ನಾನು, ಬೈಸಿಕೊಳ್ಳುವವಳೂ ನಾನೇ.

ನಿಮ್ಮವಳೇ,
ನೀಲಾಂಬಿಕಾ ಗುಡಿಸಾಗರ