ಕೂಸಿಲ್ಲದ ಬಾಣಂತನ

ಲೇಡೀಜ್ ಹಾಸ್ಟೆಲ್, ಧಾರವಾಡ
೧೮ ಆಗಸ್ಟ್ ೧೯೫೭, ರವಿವಾರ

ತೀರ್ಥರೂಪ ಸೌ. ಅವ್ವನಿಗೆ ನಿನ್ನ ಮಗಳು ನರ್ಮದಾ ಮಾಡುವ ಸಾಷ್ಟಾಂಗ ನಮಸ್ಕಾರ.

ಇತ್ತ ನಾವೆಲ್ಲರೂ ಕ್ಷೇಮ ಎಂದು ಬರೆಯುವುದು ರೂಢಿ. ಇಲ್ಲಿ ‘ನಾವೆಲ್ಲರೂ’ ಎಂಬವರಿಲ್ಲ, ನಾನೊಬ್ಬಳೇ ಇದ್ದೇನೆ. ಚಲೋ ಇದ್ದೇನೆ. ಗಾಯ ಪೂರ್ತಿ ಮಾಯ್ದಿದೆ. ಚಿಂತೆ ಮಾಡಬೇಡ.

ನಿನ್ನ ಕಾಗದ ಸಿಕ್ಕಿತು. ಕೊಣ್ಣೂರಿನವರು ಒಪ್ಪಿದ್ದಾರೆ, ಎರಡನೆಯ ಸಂಬಂಧವಾದರೇನಾಯಿತು, ಹೊಳೆಸಾಲಿನ ಹೊಲ ಇದೆ, ಮೊದಲನೆಯವಳ ಮಕ್ಕಳಿಬ್ಬರೂ ತಿಳಿವಳಿಕೆಗೆ ಬಂದವರು, ಗಣಪತಿ ಹಬ್ಬಕ್ಕೆ ಬಾ, ಆಗ ನೋಡಲು ಬರುತ್ತಾರೆ ಎಂದು ಬರೆದಿದ್ದೀ. ಅದರ ಕೆಳಗೆ, ಜಾಗ ಉಳಿಯಿತೆಂದು ಬರೆದ ಹಾಗೆ, ‘ಅವರು ಏನೂ ಕೇಳೂದಿಲ್ಲ’ ಎಂದು ಸೇರಿಸಿದ್ದೀ. ಆ ಒಂದು ಸಾಲಿಗೆ ಈ ಉತ್ತರ. ಏನು ಕೇಳುವುದಿಲ್ಲ ಅವ್ವಾ? ಕೇಳಬಾರದಂಥದ್ದು ನನ್ನಲ್ಲಿ ಏನಿದೆ?

ನಿನಗೆ ಎಲ್ಲ ಗೊತ್ತಿದೆ. ಆದರೆ ನಮ್ಮ ಮನೆಯಲ್ಲಿ ಅದನ್ನು ಯಾರೂ ಬಾಯಿಬಿಟ್ಟು ಆಡಿಲ್ಲ. ಅಪ್ಪ ರೋಣದ ಕೋರ್ಟಿನಲ್ಲಿ ಊರಿನವರ ಪರವಾಗಿ ದಿನವಿಡೀ ಮಾತಾಡುತ್ತಾರೆ, ಮನೆಗೆ ಬಂದು ಕೋಟು ಬಿಚ್ಚಿದರೆ ಮುಗಿಯಿತು. ಅದಕ್ಕೇ ನಾನು ಬರೆಯುತ್ತಿದ್ದೇನೆ. ಕಾಗದ ಬೇರೆ ಯಾರಿಂದಲೂ ಓದಿಸಬೇಡ, ಒಲೆಗೂ ಹಾಕಬೇಡ.

ನನಗಿಂತ ಮೊದಲು ಎರಡು ಕೂಸು ಹೋದವು. ನಾನಾದರೂ ಉಳಿಯಲೆಂದು ನೀನು ತಿನ್ನಿಸಿದೆ. ಸೂಡಿಯ ಹೊಲ ಮಾಡುವವರಿಂದ ತುಪ್ಪ ಬಂದರೆ ಅದು ದೇವರಿಗೂ ಮೊದಲು ನನ್ನ ತಾಟಿನ ಸಿಹಿ ಮಾದಲಿಗೆ. ಸಾಕೆಂದರೆ ನೀನು ಅಳುತ್ತಿದ್ದೆ. ನೀನು ಅಳಬಾರದೆಂದು ನಾನು ಉಣ್ಣುತ್ತಿದ್ದೆ. ಹಾಗೆ ಉಂಡು ಉಂಡು ನಾನು ಏನಾದೆನೆಂಬುದು ಸಾಲಿಯ ಹಾಸ್ಟೆಲಿಗೆ ಬಂದ ಮೇಲೆ ತಿಳಿಯಿತು. ಹುಡುಗಿಯರು ನನಗೆ ‘ಗಜೇಂದ್ರಗಡ’ ಎಂದು ಹೆಸರಿಟ್ಟರು. ನಾನು ರೋಣದವಳು ಎಂದು ಎಷ್ಟು ಹೇಳಿದರೂ, “ರೋಣದಾಗ ನೀ ಹಿಡಸೂದಿಲ್ಲೇಳ” ಎಂದು ನಗುತ್ತಿದ್ದರು. ನಾನು ಊಟ ಬಿಟ್ಟೆ. ಒಂದು ಭಕ್ಕರಿ, ನೀರಿನಂಥ ಬೇಳೆ, ಅಷ್ಟೇ. ನೀನು ಕಳಿಸಿದ ಉಂಡಿಯ ಡಬ್ಬಿಗಳನ್ನೆಲ್ಲ ಅದೇ ಹುಡುಗಿಯರಿಗೆ ಹಂಚಿದೆ. ಎರಡು ವರ್ಷದಲ್ಲಿ ಅರ್ಧ ಆದೆ.

ಮೈ ಹೋಯಿತು, ಚರ್ಮ ಉಳಿಯಿತು. ಹೊಟ್ಟೆಯ ಚರ್ಮ ಜೋಳಿಗೆಯ ಹಾಗೆ ತೊಡೆಯ ಮೇಲೆ ಜೋತುಬಿತ್ತು. ಬೇಸಿಗೆಯಲ್ಲಿ ಆ ಮಡಿಕೆಯೊಳಗೆ ಹುಣ್ಣಾಗಿ ನೀರು ಸೋರುತ್ತಿತ್ತು. ಒಳಗೆ ಅರಿವೆ ತುರುಕಿಕೊಂಡು, ಮೇಲೆ ಪೌಡರ್ ಸುರುವಿಕೊಂಡು ಕ್ಲಾಸಿಗೆ ಹೋಗುತ್ತಿದ್ದೆ. ಪಕ್ಕದವಳು ಮೂಗು ಒರೆಸಿಕೊಂಡರೂ ನನ್ನ ವಾಸನೆಗೇ ಎಂದು ಅನ್ನಿಸುತ್ತಿತ್ತು. ಆಪರೇಶನ್ ಬೇಕೆಂದು ನಾನು ಹಟ ಹಿಡಿದದ್ದು ಅದಕ್ಕೆ. ನೀನು ಹೂಂ ಅಂದದ್ದು ಆಗ ನನ್ನನ್ನು ನೋಡಿ ಹೋಗಿದ್ದ ನರಗುಂದದ ಸಂಬಂಧ ತಪ್ಪಬಾರದೆಂದು. ಇರಲಿ, ಇಬ್ಬರಿಗೂ ಬೇಕಾಗಿದ್ದದ್ದು ಒಂದೇ.

ಮಿಶನ್ ದವಾಖಾನೆಯ ಇಂಗ್ಲಿಷ್ ಡಾಕ್ಟರಮ್ಮ ನರ್ಸ್ ಬಾಯಿಂದ ಎಲ್ಲವನ್ನೂ ಮೊದಲೇ ಬಿಡಿಸಿ ಹೇಳಿಸಿದ್ದರು. ಈ ಕಡೆಯ ಸೊಂಟದ ಎಲುಬಿನಿಂದ ಆ ಕಡೆಯ ಎಲುಬಿನ ತನಕ ಕೊಯ್ದು, ಹೆಚ್ಚಿನ ಚರ್ಮ ತೆಗೆದು, ಉಳಿದದ್ದನ್ನು ಎಳೆದು ಹೊಲಿಯುತ್ತೇವೆ, ಗೆರೆ ಜನ್ಮಕ್ಕೆ ಉಳಿಯುತ್ತದೆ ಎಂದರು. “ನಿರಿಗಿ ಕೆಳಗ ಮುಚ್ಚಿ ಹೋಗತದ ಬಿಡ್ರಿ” ಅಂದೆ ನೀನು. ಮುಚ್ಚುವುದೆಂದರೆ ನಿನಗೆ ಮೊದಲಿನಿಂದಲೂ ಧೈರ್ಯ. ಓಣಿಗೆಲ್ಲ ಪಂಢರಪುರಕ್ಕೆ ಹೋಗುತ್ತೇವೆ ಎಂದು ಹೇಳಿದೆ. ಬರುವಾಗ ಗದಗಿನ ಪೇಟೆಯಲ್ಲಿ ತುಳಸಿಮಣಿ, ಹಣೆಗೆ ಹಚ್ಚುವ ಬುಕ್ಕಿಟ್ಟು ಕೊಂಡು ವಿಠ್ಠಲನ ಪ್ರಸಾದವೆಂದು ಮನೆಮನೆಗೆ ಹಂಚಿದೆ. ಲಗ್ನದ ವಯಸ್ಸಿನ ಹುಡುಗಿಯನ್ನು ಕರೆದುಕೊಂಡು ತಿಂಗಳುಗಟ್ಟಲೆ ಪಂಢರಪುರದಲ್ಲಿ ಯಾರು ಕೂಡುತ್ತಾರೆ ಎಂದು ನಿನಗೆ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ, ಖರೇ ಹೇಳಬೇಕೆಂದರೆ.

ವಾರ್ಡಿನ ಒಂದು ಸಂಗತಿ ನಿನಗೆ ಗೊತ್ತಿಲ್ಲ. ಮೊಣಕಾಲ ಕೆಳಗೆ ದಿಂಬು ಕೊಟ್ಟು, ಹೊಟ್ಟೆಯಿಂದ ರಬ್ಬರ್ ನಳಿಗೆ ಇಳಿಬಿಟ್ಟು ನನ್ನನ್ನು ಮಲಗಿಸಿದ್ದರು. ನಾನು ಔಷಧದ ಮಂಪರಿನಲ್ಲಿದ್ದೇನೆ ಎಂದು ನೀನು ತಿಳಿದಿದ್ದೆ. ಡಾಕ್ಟರಮ್ಮ ಪಟ್ಟಿ ಬಿಚ್ಚಿದಾಗ ನನ್ನ ಸೊಂಟದ ಮೇಲಿನ ಬಿಳಿ ಗೆರೆಗಳನ್ನು ತೋರಿಸಿ ನೀನು ನರ್ಸ್ ಸುಶೀಲವ್ವನಿಗೆ ಹೇಳಿದೆ: “ಬಾಯಾರ, ಕೇಳ್ರಿ ಅವರಿಗೆ. ಈ ಗೆರಿ ಬಸರಾದವರಿಗಷ್ಟ ಬರೂವಲ್ಲೇನ್ರಿ?” ಸುಶೀಲವ್ವ ಅದನ್ನು ಇಂಗ್ಲಿಷಿನಲ್ಲಿ ಕೇಳಿದಳು. ಡಾಕ್ಟರಮ್ಮ ಇಂಗ್ಲಿಷಿನಲ್ಲಿ ಹೇಳಿದ ಉತ್ತರ ನಿನಗಿಂತ ಮೊದಲು ನನಗೆ ತಿಳಿಯಿತು. ಚರ್ಮ ಬೇಗ ಹಿಗ್ಗಿದ ಯಾರಿಗಾದರೂ ಬರುತ್ತವೆ, ಗಂಡಸರಿಗೂ ಬರುತ್ತವೆ, ನಿಮ್ಮ ಮಗಳು ಎಲ್ಲ ಹುಡುಗಿಯರ ಹಾಗೇ ಇದ್ದಾಳೆ ಎಂದರು. ಸುಶೀಲವ್ವ ಕನ್ನಡದಲ್ಲಿ ಹೇಳಿದ ಮೇಲೆ ನೀನು ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಹೊಲಿಗೆ ನೋಯಲಿಲ್ಲ ಅವ್ವಾ ಆವತ್ತು. ಆ ಉಸಿರು ನೋಯಿಸಿತು.

ಆದರೂ ಅದನ್ನು ನುಂಗಿಕೊಂಡೆ. ಊರಿಗೆ ಬಂದೆವು. ನೆಟ್ಟಗೆ ನಿಲ್ಲಲು ಬರುತ್ತಿರಲಿಲ್ಲ, ಮುದುಕಿಯ ಹಾಗೆ ಬಾಗಿ ನಡೆಯುತ್ತಿದ್ದೆ. ಗಾಯ ಒಣಗಿರಲಿ, ನೀರು, ಎಣ್ಣೆ ತಾಗಿಸಬೇಡಿ ಎಂದು ಡಾಕ್ಟರಮ್ಮ ಹೇಳಿದ್ದರು. ನಿನಗೆ ಗೊತ್ತಿದ್ದ ಆರೈಕೆ ಒಂದೇ. ಕತ್ತಲೆ ಕೋಣೆಯಲ್ಲಿ ಹೊರಸು ಹಾಕಿದೆ, ತಲೆಗೆ ಅರಿವೆ ಕಟ್ಟಿದೆ, ಕಿವಿಗೆ ಹತ್ತಿ ಇಟ್ಟೆ, ಅಜಿವಾನದ ಹೊಗೆ ಹಾಕಿದೆ, ಅಂಟಿನುಂಡಿ ತಿನ್ನಿಸಿದೆ. ದವಾಖಾನೆಯ ಪಟ್ಟಿ ಬಿಸಾಕಿ, ನಿನ್ನ ಹಳೇ ಇಳಕಲ್ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ನನ್ನ ಹೊಟ್ಟೆಗೆ ಸುತ್ತಿ, ಸೊಂಟಕ್ಕೆ ಮೊಣಕಾಲು ಕೊಟ್ಟು ಬಿಗಿದೆ. ಸಾಲದ್ದಕ್ಕೆ ಬಾಣಂತಿಯರಿಗೆ ಎರೆಯುವ ಉಡಚವ್ವನನ್ನೇ ಕರೆಸಿದೆ. ಅವಳು ಒಳಗೆ ಬಂದು ನನ್ನನ್ನು ನೋಡಿ, ಮೂಲೆಯನ್ನೆಲ್ಲ ನೋಡಿ, ಯಾವ ಕೆಟ್ಟತನವೂ ಇಲ್ಲದೆ ಕೇಳಿದಳು: “ಅವ್ವಾರ, ಬಾಣಂತಿ ಇಲ್ಲಿ ಅದಾಳ, ಕೂಸೆಲ್ಲೈತ್ರಿ?”

ಆಗಲಾದರೂ ಹೇಳಬಹುದಿತ್ತು. “ನೀ ಸುಮ್ಮನ ತಿಕ್ಕು” ಅಂದೆ ನೀನು.

ಗಜೇಂದ್ರಗಡದಿಂದ ಭೀಮಾಬಾಯಿ ಅತ್ತಿ ಓಡಿಬಂದರು. ಅಣ್ಣನ ಮನೆಯ ಸುದ್ದಿ ಅವರಿಗೆ ಬಸ್ಸಿಗಿಂತ ಲಗೂ ಮುಟ್ಟುತ್ತದೆ. ಬಾಗಿಲಲ್ಲೇ ನಿಂತು, “ಏನ ವೈನಿ, ವಿಠ್ಠಲ ಎಲ್ಲಾರಿಗೂ ಬುಕ್ಕಿಟ್ಟು ಕೊಡತಾನ, ನಿಮ್ಮ ಮಗಳಿಗಿ ಬಾಣಂತನಾನ ಕೊಟ್ಟು ಕಳಿಸ್ಯಾನಲ್ಲ” ಎಂದರು. ನೀನು ಅವರಿಗೆ ಚಹಾ ಮಾಡಲು ಹೋದೆ.

ಆಮೇಲೆ ನರಗುಂದದಿಂದ ಕಾಶಿಬಾಯಿಯವರು ಬಂದರು. ಅವರ ಮಗ ಶ್ರೀಧರ ನನ್ನನ್ನು ನೋಡಲು ಬಂದಾಗ, ಹಾಡಲು ಬರುತ್ತದೆಯೇ ಎಂದು ಕೇಳಿರಲಿಲ್ಲ. ಯಾವ ವಿಷಯ ಓದಬೇಕೆಂದಿದ್ದೀರಿ ಎಂದು ಕೇಳಿದ್ದರು. ನನಗೆ ‘ರಿ’ ಹಚ್ಚಿ ಮಾತಾಡಿದ್ದರು. ಅದನ್ನು ನಾನು ಎಷ್ಟು ದಿನ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆನೋ, ಈಗ ಬರೆದು ಏನು ಉಪಯೋಗ? ಕಾಶಿಬಾಯಿಯವರು ಪಡಸಾಲೆಯಲ್ಲಿ ಕೂತು ನಿಧಾನಕ್ಕೆ, “ಹುಡುಗಿಗೆ ಏನಾಗಿತ್ರಿ? ಖರೇ ಹೇಳ್ರಿ, ನಾವೇನ ಪರಕೀಯರಲ್ಲ” ಎಂದರು. ಅವರ ದನಿಯಲ್ಲಿ ಜಗಳ ಇರಲಿಲ್ಲ. ನಂಬಲು ಸಿದ್ಧರಾಗಿಯೇ ಬಂದಿದ್ದರು. ನೀನು “ಪ್ರವಾಸದ ಆಯಾಸರಿ” ಅಂದೆ. ನಾನು ಕೋಣೆಯ ಬಾಗಿಲಿಗೆ ಬಂದು, “ಕಾಕು, ನನ್ನ ಹೊಟ್ಟಿ ಚರ್ಮ” ಎನ್ನುವಷ್ಟರಲ್ಲಿ ನೀನು ಬಂದು ನನ್ನ ಮಣಿಕಟ್ಟು ಹಿಡಿದೆ. ಬಳೆ ಒಡೆಯಿತು. ಅವರು ನನ್ನ ಕಿವಿಯ ಹತ್ತಿ ನೋಡಿದರು, ಹೊಗೆಯ ಬೋಗುಣಿ ನೋಡಿದರು, ಎದ್ದರು. “ಚಹಾ ಬ್ಯಾಡ್ರಿ. ನಾನೂ ಹಡೆದಾಕಿ ಇದ್ದೀನಿ. ನನಗ ಈ ವಾಸನಿ ಗೊತ್ತಾಗತದ.”

ಆ ಸಂಜೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ನಿನ್ನ ಮಾತು ನನಗೆ ಬಾಯಿಪಾಠ ಇದೆ: “ಮಗಳಿಗಿ ತಿನಿಸಿ ತಿನಿಸಿ ಕಡೀಕ ಚರ್ಮಾ ಕೊಯಿಸಿದಳು ಅಂತ ಮಂದಿ ನನ್ನ ಹೆಸರು ಆಡಿಕೋಬೇಕೇನು?”

ಎರಡರಲ್ಲಿ ಒಂದು ಹೆಸರು ಹೋಗಬೇಕಿತ್ತು. ನಿನ್ನದು ಉಳಿಯಿತು. ಈಗ ಕೊಣ್ಣೂರಿನವರಿಗೆ ನಾನು ಹೂಂ ಅಂದರೆ, ಊರು ಆಡಿದ್ದಕ್ಕೆ ನಾನೇ ರುಜು ಹಾಕಿದ ಹಾಗೆ. ಜನ್ಮಪೂರ್ತಿ ಆ ಮನುಷ್ಯ ಏನೂ ಕೇಳುವುದಿಲ್ಲ, ಜನ್ಮಪೂರ್ತಿ ತನಗೆ ಗೊತ್ತಿದೆ ಎಂದು ತಿಳಿದುಕೊಂಡಿರುತ್ತಾನೆ.

ಬರುವ ಶುಕ್ರವಾರ ಶ್ರಾವಣದ ಕಡೆಯ ಶುಕ್ರವಾರ. ಅರಿಶಿನ ಕುಂಕುಮಕ್ಕೆ ಓಣಿಯವರೆಲ್ಲ ನಮ್ಮ ಮನೆಗೆ ಬರುತ್ತಾರೆ, ಭೀಮಾಬಾಯಿ ಅತ್ತಿಯೂ ತಪ್ಪಿಸುವುದಿಲ್ಲ. ಅವರ ಮುಂದೆ ಒಂದು ಮಾತು ಹೇಳು. ನಮ್ಮ ನರ್ಮದಾ ಭಾಳ ದಪ್ಪ ಇದ್ದಳು, ಕರಗಿದಳು, ಜೋತ ಚರ್ಮ ಕೊಯ್ಸಿದಿವಿ. ಇಷ್ಟೇ. ತುಪ್ಪ ಹಾಕಿದವರು ಯಾರೆಂದು ಹೇಳಬೇಡ, ಅದನ್ನು ನಾನೂ ಹೇಳುವುದಿಲ್ಲ. ಹೇಳಿದರೆ ಗಣಪತಿ ಹಬ್ಬಕ್ಕೆ ಬರುತ್ತೇನೆ. ಹೇಳದಿದ್ದರೆ ಬರುವುದಿಲ್ಲ. ಅಪ್ಪ ಕಾಲೇಜು ಬಿಡಿಸಿ ಎಳೆದುಕೊಂಡು ಹೋಗುತ್ತಾರೇನೋ ಎಂದು ಭಯವಾಗುತ್ತದೆ. ಹಾಗೇನಾದರೂ ಆದರೆ ಕೊಣ್ಣೂರಿನವರ ಮುಂದೆ ಕೂಡುತ್ತೇನೆ. ಅವರು ಕೇಳದಿದ್ದರೂ ಹೇಳುತ್ತೇನೆ. ಆಗ ನೀನು ಹಿಡಿಯಲು ನನ್ನ ಕೈ ನಿನ್ನ ಹತ್ತಿರ ಇರುವುದಿಲ್ಲ.

ಇತಿ,
ನೀನು ತಿನ್ನಿಸಿ ಉಳಿಸಿಕೊಂಡ ಮಗಳು
ನರ್ಮದಾ

ತಾ.ಕ.: ಗಾಯ ಪೂರ್ತಿ ಮಾಯ್ದಿದೆ ಎಂದು ಮೇಲೆ ಬರೆದದ್ದು ಸುಳ್ಳು. ನೀರು ಎಣ್ಣೆ ತಾಗಿದ ಎಡಗಡೆಯ ತುದಿ ಬಿಟ್ಟುಕೊಂಡು ಸೋರುತ್ತಿದೆ. ಇಲ್ಲಿಯ ಡಾಕ್ಟರು ಬಿಗಿಯಾಗಿ ಕಟ್ಟಿಕೋ ಎನ್ನುತ್ತಾರೆ. ಟವೆಲ್ ಕಟ್ಟಿದರೆ ಕ್ಲಾಸಿನಲ್ಲೇ ಜಾರುತ್ತದೆ, ನಿನ್ನ ಹಾಗೆ ಮೊಣಕಾಲು ಕೊಟ್ಟು ಬಿಗಿಯುವವರು ಇಲ್ಲಿಲ್ಲ. ಆ ಹಳೇ ಇಳಕಲ್ ಸೀರೆ ಕಳಿಸು. ನೀನು ತರಬೇಡ, ನಿನ್ನನ್ನು ನೋಡಿದರೆ ನಾನು ಇಷ್ಟು ಗಟ್ಟಿ ಇರಲಾರೆ. ಶುಕ್ರವಾರ ಆದಮೇಲೆ, ಧಾರವಾಡಕ್ಕೆ ಬರುವ ಯಾರ ಕೈಯಲ್ಲಾದರೂ ಕೊಡು. ಹರಕು ಸೀರೆ ಯಾತಕ್ಕೆ ಎಂದು ಅವರು ನಿನ್ನನ್ನು ಕೇಳಿಯೇ ಕೇಳುತ್ತಾರೆ. ನೀನು ಏನು ಹೇಳಿದೆ ಎಂದು ನಾನು ಅವರನ್ನು ಕೇಳುತ್ತೇನೆ.