ಕಾಂಚನಳ ಮಾತಿಗೆ ನನ್ನ ಮರಾಠಿ

ಕುಣಿಕೋಣೂರ, ಮಾರ್ಚ್ 2001

ಪಾಸ್ಟರ್ ಕೈಲಾಸ ಅವರಿಗೆ ಯೇಸುವಿನ ಹೆಸರಿನಲ್ಲಿ ಶೇವಂತಾಳ ವಂದನೆಗಳು.

ಮುಂದಿನ ರವಿವಾರದಿಂದ ಕಾಂಚನಳ ಪ್ರವಾದನೆಯನ್ನು ಮರಾಠಿಯಲ್ಲಿ ಹೇಳಲು ಬೇರೆ ಯಾರನ್ನಾದರೂ ನೋಡಿಕೊಳ್ಳಿ. ನನ್ನ ಗಂಟಲು ಕೆಟ್ಟಿದೆ.

ಆಕೆಯ ಮೇಲೆ ನನಗೇನೂ ಬೇಸರವಿಲ್ಲ. ಆದರೆ ಪ್ರವಾದನೆಗೆ ನಿಂತಾಗ ಅಷ್ಟು ಬಳೆ ಆಡಿಸಬಾರದೆಂದು ತಿಳಿಸಿ. ಜನ ಬಳೆಯನ್ನೇ ನೋಡುತ್ತಾರೆ. ನಮ್ಮ ಸಭೆಯಲ್ಲಿ ದೇವರ ಮಾತು ಮೊದಲು ಬಂದದ್ದು ನನ್ನ ಬಾಯಿಂದ. ಆಗ ಆಕೆ ಇನ್ನೂ ಗುಡ್ಡಾಪುರದ ದಾನಮ್ಮ ದೇವಿಯ ಗುಡಿಗೆ ನಡೆದು ಹೋಗುತ್ತಿದ್ದಳು. "ಶೇವಂತಕ್ಕಾ, ಇನ್ನ ಕಾಂಚನ ಮಾತಾಡ್ಲಿ, ನೀವು ಮರಾಠಿ ಹೇಳ್ರಿ ಸಾಕು" ಎಂದು ನೀವು ಎಲ್ಲರೆದುರು ಅಂದಿರಿ. ಹೇಳುತ್ತ ಬಂದಿದ್ದೇನೆ.

ಮೊನ್ನೆ ಕನ್ನಡ ಬಾರದ ಸಾಂಗಲಿಯ ವಿಶ್ವಾಸಿಗಳು ಬಂದಿದ್ದರಲ್ಲ. ಕಾಂಚನ ಕಣ್ಣು ಮುಚ್ಚಿ, "ಮಗಳೇ, ಮಂದಿ ನಿನ್ನನ್ನ ಬದಿಗೆ ಸರಿಸ್ಯಾರ, ನಾ ಸರಿಸಿಲ್ಲ" ಅಂದಳು. ಯಾರಿಗೆಂದು ಹೇಳಲಿಲ್ಲ. ನಮ್ಮ ರೂಢಿಯಂತೆ ದೇವರೇ ಆಡಿದ ಹಾಗೆ ನಾನೂ "ನಾನು" ಎಂದೇ ಮರಾಠಿಯಲ್ಲಿ ಹೇಳಬೇಕು. ಅರ್ಧಕ್ಕೇ ದನಿ ನಿಂತುಹೋಯಿತು. ಸಾಂಗಲಿಯವರು ಕಾಯುತ್ತ ಕುಳಿತರು. ಕಾಂಚನ ನೀರು ತಂದುಕೊಟ್ಟು, "ಸಾವಕಾಶ ಹೇಳ್ರಿ ಅಕ್ಕಾ" ಅಂದಳು. ನನಗೆ ಹೇಳಬೇಕಾದ ಮಾತಿಗೆ ದೇವರಿಗೆ ಆಕೆಯ ಬಾಯೇ ಬೇಕಿತ್ತೇ?

ಇಷ್ಟು ಬರೆಯುವಷ್ಟರಲ್ಲಿ ಗಂಟಲು ಸರಿಯಾಗಿದೆ. ಬೇರೆಯವರನ್ನು ನೋಡಬೇಡಿ, ರವಿವಾರ ನಾನೇ ಬರುತ್ತೇನೆ.

ಬಳೆಯ ವಿಷಯ ಮಾತ್ರ ಮರೆಯದೆ ಹೇಳಿ.

ನಿಮ್ಮ ಸಭೆಯ ಸಹೋದರಿ,
ಶೇವಂತಾ