ತಿರುವಿ ಹೊಲಿದ ಚೀಲ

ಅಮರೇಶ ಕಾಕಾ ಅವರಿಗೆ,
ಮಸ್ಕಿಯಿಂದ ವಿಶಾಲಾಳ ನಮಸ್ಕಾರ.

ಕೂಸಿಗೆ ಮೊದಲ ಅನ್ನ ಉಣಿಸುವ ದಿನಕ್ಕೆಂದು ಸಿಂಧನೂರಿನ ನಿಮ್ಮ ಮಿಲ್ಲಿನಿಂದ ಕಳಿಸಿದ ಅಕ್ಕಿ ನಿನ್ನೆ ಮುಗಿಯಿತು. ಖಾಲಿ ಚೀಲವನ್ನು ಒಗೆಯಲೆಂದು ತಿರುವಿದರೆ ಒಳಮೈಯಲ್ಲಿ ಇಂಗ್ಲಿಷ್ ಅಕ್ಷರಗಳು, ಒಂದು ನಂಬರು. ಆ ನಂಬರು ನನಗೆ ಗೊತ್ತಿತ್ತು.

ಯುಗಾದಿಗೆ ನಾನು ನಿಮ್ಮ ಮನೆಗೆ ಬಂದಾಗ, ಪರದೇಶದವರು ಅಕ್ಕಿ ವಾಪಸ್ ಮಾಡಿ ಬರೆದ ಪತ್ರವನ್ನು ನನ್ನಿಂದಲೇ ಓದಿಸಿದ್ದಿರಿ. ಈ ನಂಬರಿನ ಅಕ್ಕಿಯಲ್ಲಿ ಕ್ರಿಮಿನಾಶಕ ಹೆಚ್ಚಿದೆ, ಮಕ್ಕಳು ಉಣ್ಣಬಾರದು ಎಂದಿತ್ತು. "ಅವರ ಹುಡುಗರ ಹೊಟ್ಟಿ ಭಾಳ ನಾಜೂಕವ್ವಾ, ನಮ್ಮವು ಕಲ್ಲು ಕರಗಸ್ತಾವ" ಎಂದು ನಕ್ಕಿರಿ. ನಾನೂ ನಕ್ಕೆ.

ಎರಡು ತಿಂಗಳು ಅದನ್ನೇ ಮೆತ್ತಗೆ ಬೇಯಿಸಿ ಉಣಿಸಿದ್ದೇನೆ. ನಿನ್ನೆಯಿಂದ ಕಣ್ಣು ಮುಚ್ಚಿಲ್ಲ. ಕೂಸಿನ ಹೊಟ್ಟೆಯ ಮೇಲೆ ಕೈಯಿಟ್ಟು ಕೂತಿದ್ದೇನೆ.

ನಾಳೆ ಲಿಂಗಸುಗೂರಿನ ಡಾಕ್ಟರಿಗೆ ತೋರಿಸಬೇಕು. ಅಕ್ಕಿಯಲ್ಲಿ ಯಾವ ಕ್ರಿಮಿನಾಶಕ, ಎಷ್ಟಿತ್ತು ಎಂದು ಅವರು ಕೇಳುತ್ತಾರೆ. ಪರದೇಶದವರ ಆ ಪತ್ರವನ್ನು, ಇದನ್ನು ತಂದ ನಮ್ಮ ಮನೆಯವರ ಕೈಯಲ್ಲಿ ಕೊಟ್ಟು ಕಳಿಸಿ. ಉಳಿದ ಚೀಲಗಳು ಯಾರ್ಯಾರ ಮನೆಗೆ ಹೋಗಿವೆ ಎಂಬುದನ್ನೂ ಬರೆಯಿರಿ.

ನಿಮಗೇ ಗೊತ್ತಾಗದೆ ಬಂದಿರಬೇಕು ಎಂದುಕೊಂಡು ಕಾಕಿಗೆ ಫೋನ್ ಮಾಡಿದ್ದೆ. "ನಮ್ಮ ಮನಿಗಿ ಆ ಅಕ್ಕಿ ತರಬ್ಯಾಡಂತ ನಿಮ್ಮ ಕಾಕಾನ ಹೇಳ್ಯಾರವ್ವಾ" ಎಂದಳು.

ಚೀಲವನ್ನು ಒಗೆಯದೆ ಹಾಗೇ ಇಟ್ಟಿದ್ದೇನೆ.

ನಿಮ್ಮ ಅಣ್ಣನ ಮಗಳು,
ವಿಶಾಲಾ